ಪಕ್ಕವಾದ್ಯ ಯಾರು? ಪಿಟೀಲು–ಪಿಯಾನೊ ಕಛೇರಿಯ ಪಟ್ಟಿ ಹೊಂದಿಸುವ ಬಗೆ

ಪಿಟೀಲು ಎಂದ ಕೂಡಲೇ ನಮ್ಮ ಕಿವಿ ಅದನ್ನು ಹಾಡುಗಾರರ ಪಕ್ಕದಲ್ಲಿ ಕೂರಿಸಿಬಿಡುತ್ತದೆ. ಹಾಡಿದ್ದನ್ನು ನೆರಳಿನ ಹಾಗೆ ಹಿಂಬಾಲಿಸಿ, ಆಲಾಪನೆಯಲ್ಲಿ ಸರದಿ ಬಂದಾಗ ತಾನೂ ನಾಲ್ಕು ಮಾತು ಆಡಿ, ಮತ್ತೆ ಹಿಂದಕ್ಕೆ ಸರಿಯುವ ವಾದ್ಯ ಅದು. ಅದೇ ಪಿಟೀಲನ್ನು ಪಾಶ್ಚಾತ್ಯ ಸಂಗೀತದ ವೇದಿಕೆಯಲ್ಲಿ ಒಬ್ಬರು ನಿಂತು ನುಡಿಸುತ್ತಿದ್ದಾರೆ, ಅವರ ಹಿಂದೆ ದೊಡ್ಡದೊಂದು ಕರಿ ಪಿಯಾನೊ ಇದೆ ಅಂದರೆ ಲೆಕ್ಕ ಮಗುಚಿಕೊಳ್ಳುತ್ತದೆ. ಓಹೋ, ಇಲ್ಲಿ ಪಿಟೀಲೇ ಯಜಮಾನ, ಪಿಯಾನೊ ಪಕ್ಕವಾದ್ಯ ಅಂದುಕೊಳ್ಳುತ್ತೇವೆ. ನಾನೂ ಬಹಳ ವರ್ಷ ಹಾಗೆಯೇ ಕೇಳಿದವನು. ಹಾಗೆ ಕೇಳಿದರೆ ಅರ್ಧ ಸಂಗೀತ ಕೈತಪ್ಪುತ್ತದೆ ಅನ್ನುವುದು ತಡವಾಗಿ ತಿಳಿಯಿತು.

ಇಂಥ ಕಛೇರಿಗೆ ಹೋದರೆ ಬಾಗಿಲಲ್ಲಿ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ನಾಲ್ಕೋ ಐದೋ ಕೃತಿಗಳ ಹೆಸರು, ನಡುವೆ ‘ವಿರಾಮ’ ಎಂಬ ಒಂದು ಗೆರೆ. ನೋಡಲು ಹೋಟೆಲಿನ ತಿಂಡಿ ಪಟ್ಟಿಯಷ್ಟೇ ಸರಳ. ಆದರೆ ಆ ಐದು ಹೆಸರು, ಅದೇ ಅನುಕ್ರಮದಲ್ಲಿ ಅಲ್ಲಿ ಬಂದು ಕೂರಲು ಕಲಾವಿದರಿಬ್ಬರು ತಿಂಗಳುಗಟ್ಟಲೆ ಜಗಳವಾಡಿರುತ್ತಾರೆ. ಜಗಳದ ಒಳಗುಟ್ಟು ಹೆಚ್ಚಾಗಿ ಮೇಲಿನ ಪ್ರಶ್ನೆಯೇ: ಈ ಸಂಜೆ ಯಾವ ಗಳಿಗೆಯಲ್ಲಿ ಯಾರು ಯಾರಿಗೆ ಪಕ್ಕವಾದ್ಯ?

ಈ ಪ್ರಶ್ನೆಗೆ ಇನ್ನೂರೈವತ್ತು ವರ್ಷದಲ್ಲಿ ಉತ್ತರ ಬದಲಾಗುತ್ತಲೇ ಬಂದಿದೆ. 1778ರಲ್ಲಿ ಮೊಜಾರ್ಟ್ ಪ್ಯಾರಿಸ್‌ನಲ್ಲಿ ಆರು ಸೊನಾಟಾಗಳನ್ನು, ಅಂದರೆ ಒಂದೆರಡು ವಾದ್ಯಕ್ಕೆಂದು ಹಲವು ಭಾಗಗಳಲ್ಲಿ ಬರೆದ ಕೃತಿಗಳನ್ನು, ಅಚ್ಚು ಹಾಕಿಸಿದ. ಮುಖಪುಟದ ಪ್ರಕಾರ ಅವು ‘ಪಿಟೀಲಿನ ಪಕ್ಕವಾದ್ಯವಿರುವ’ ಕೀಲಿಮಣೆಯ ಸೊನಾಟಾಗಳು. ಅಲ್ಲಿ ಯಜಮಾನಿಕೆ ಪಿಯಾನೊದ್ದು! ಅದಕ್ಕೆ ಕಾರಣ ಮನೆ. ಆಗಿನ ಯೂರೋಪಿನ ಉಳ್ಳವರ ಮನೆಯಲ್ಲಿ ಕೀಲಿಮಣೆ ಮುಂದೆ ಕೂತು ಚೆನ್ನಾಗಿ ಕಲಿತವಳು ಮಗಳು. ಪಿಟೀಲು ಹಿಡಿದು ಜೊತೆಗೂಡುವವನು ಅಣ್ಣನೋ ಬಂದ ಅತಿಥಿಯೋ. ಅವನ ಕೈಗೆ ಕಷ್ಟದ್ದೇನನ್ನೂ ಕೊಡುವ ಹಾಗಿರಲಿಲ್ಲ. ಮೊಜಾರ್ಟ್ ಆ ಮುಖಪುಟದ ಮರ್ಯಾದೆ ಉಳಿಸಿಕೊಂಡೇ ಒಳಗೆ ಪಿಟೀಲಿಗೂ ಮಾತು ಕೊಡಲು ಶುರುಮಾಡಿದ್ದ.

ಬೀಥೋವನ್ ಹತ್ತು ಸೊನಾಟಾ ಬರೆದ. ಮೊದಲ ಮೂರರ ಮುಖಪುಟದಲ್ಲೂ ಪಿಯಾನೊದ ಹೆಸರೇ ಮೊದಲು, ‘ಜೊತೆಗೊಂದು ಪಿಟೀಲು’ ಅನ್ನುವ ಧಾಟಿ. ಆದರೆ ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ, ಅಂದರೆ 1803ಕ್ಕೆ, ‘ಹೆಚ್ಚುಕಡಿಮೆ ಕಾನ್ಸರ್ಟೊದಂತೆ’, ಅಂದರೆ ಆರ್ಕೆಸ್ಟ್ರಾ ಎದುರು ಒಬ್ಬರು ಮುಂದೆ ನಿಂತು ನುಡಿಸುವ ಕೃತಿಯಂತೆ, ಬರೆದದ್ದು ಎಂದು ಅವನೇ ನಮೂದಿಸಿದ. ಅದೇ ಈಗ ‘ಕ್ರೂಟ್ಸರ್’ ಎಂದು ಹೆಸರಾದದ್ದು. 1803ರ ಮೇ 24ರ ಬೆಳಗ್ಗೆ ವಿಯೆನ್ನಾದಲ್ಲಿ ಅದನ್ನು ಮೊದಲು ನುಡಿಸಿದವನು ಜಾರ್ಜ್ ಬ್ರಿಜ್‌ಟವರ್, ಪಿಯಾನೊದಲ್ಲಿ ಸ್ವತಃ ಬೀಥೋವನ್. ಆಮೇಲೆ ಇಬ್ಬರಿಗೂ ಮನಸ್ತಾಪವಾಗಿ, ಅಚ್ಚಾಗುವಾಗ ಕೃತಿ ರೊಡಾಲ್ಫ್ ಕ್ರೂಟ್ಸರ್‌ಗೆ ಅರ್ಪಣೆಯಾಯಿತು. ಆ ಕ್ರೂಟ್ಸರ್ ಅದನ್ನು ಸಭೆಯಲ್ಲಿ ಒಂದು ಸಲವೂ ನುಡಿಸಲಿಲ್ಲ. ಬ್ರಿಜ್‌ಟವರ್ ಹೆಸರು ಇವತ್ತು ಕಾರ್ಯಕ್ರಮದ ಟಿಪ್ಪಣಿಯ ಯಾವುದೋ ಮೂಲೆಯಲ್ಲಿ ಸಿಕ್ಕರೆ ಸಿಕ್ಕಿತು.

ಅಲ್ಲಿಂದ ಮುಂದೆ ಪಿಟೀಲಿಗೆ ಪಂಡಿತರ ಕಾಲ. ಬೆರಳಿನ ಚಮತ್ಕಾರ ನೋಡಲೆಂದೇ ಜನ ಬರುತ್ತಿದ್ದರು. ಹದಿನಾರು ವರ್ಷದ ಯಾಶಾ ಹೈಫೆಟ್ಸ್ 1917ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ನುಡಿಸಿದಾಗ ಅವನ ಪಟ್ಟಿಯಲ್ಲಿ ಇದ್ದದ್ದು ವಿಟಾಲಿಯ ಶಕೋನ್, ವೀನಿಯಾವ್‌ಸ್ಕಿಯ ಎರಡನೇ ಕಾನ್ಸರ್ಟೊ, ಕೆಲವು ಪುಟ್ಟ ಕೃತಿಗಳು ಮತ್ತು ಪಗನೀನಿಯ ಕ್ಯಾಪ್ರೀಸ್. ಕಾನ್ಸರ್ಟೊ ಎಂದರೆ ಆರ್ಕೆಸ್ಟ್ರಾ ಜೊತೆ ನುಡಿಸಬೇಕಾದದ್ದು; ಆಗ ಆರ್ಕೆಸ್ಟ್ರಾದ ಭಾಗವನ್ನೆಲ್ಲ ಪಿಯಾನೊಕ್ಕೆ ಇಳಿಸಿ ನುಡಿಸುವುದು ಸಾಮಾನ್ಯವಾಗಿತ್ತು. ಪಿಯಾನೊದವರು ಅಪ್ಪಟ ಪಕ್ಕವಾದ್ಯ.

ಇದರ ಪಕ್ಕ 1940ರ ಏಪ್ರಿಲ್ 13ರ ಪಟ್ಟಿ ಇಟ್ಟು ನೋಡಿ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಯೋಸೆಫ್ ಸಿಗೆಟಿ ಪಿಟೀಲು, ಬೇಲಾ ಬಾರ್ಟೋಕ್ ಪಿಯಾನೊ. ಇದ್ದದ್ದು ನಾಲ್ಕೇ ಕೃತಿ: ಬೀಥೋವನ್‌ನ ಕ್ರೂಟ್ಸರ್, ಡೆಬ್ಯುಸಿಯ ಸೊನಾಟಾ, ಬಾರ್ಟೋಕ್‌ನ ಮೊದಲ ರ್‍ಯಾಪ್ಸೊಡಿ ಮತ್ತು ಎರಡನೇ ಸೊನಾಟಾ. ಪಕ್ಕವಾದ್ಯ ಅನ್ನುವ ಮಾತೇ ಇಲ್ಲಿ ಎತ್ತುವ ಹಾಗಿಲ್ಲ. ಮೂವರು ಸಂಯೋಜಕರು, ಮೂರು ಲೋಕ, ಇಬ್ಬರು ಸಮಾನರು. ಆ ರಾತ್ರಿಯ ಧ್ವನಿಮುದ್ರಣ ಉಳಿದಿದೆ; ಸದ್ದು ಸ್ವಲ್ಪ ಸವೆದಿದೆ, ಆದರೂ ಪಟ್ಟಿ ಕಟ್ಟುವುದೆಂದರೆ ಏನೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇಂದಿನ ಪಿಟೀಲು–ಪಿಯಾನೊ ಕಛೇರಿ ಹೈಫೆಟ್ಸನ ಹಾಳೆಗೂ ಸಿಗೆಟಿ–ಬಾರ್ಟೋಕ್ ಹಾಳೆಗೂ ನಡುವೆ ಎಲ್ಲೋ ತನ್ನ ಜಾಗ ಹುಡುಕಿಕೊಳ್ಳುತ್ತದೆ.

ಸಮಾನರು ಅಂದಮಾತ್ರಕ್ಕೆ ಸದ್ದಿನಲ್ಲಿ ಸಮಾನರಲ್ಲ. ನಾಲ್ಕು ತಂತಿಯ, ಗದ್ದದಡಿ ಸಿಕ್ಕಿಸಿಕೊಳ್ಳುವ ಒಂದು ಮರದ ಪೆಟ್ಟಿಗೆ ಒಂದು ಕಡೆ. ಕಬ್ಬಿಣದ ಚೌಕಟ್ಟು, 88 ಕೀಲಿ, ಕ್ವಿಂಟಾಲುಗಟ್ಟಲೆ ತೂಕ ಇನ್ನೊಂದು ಕಡೆ. ಮೈಕು ಇಲ್ಲದ ಕಾಲದಲ್ಲಿ ಘಂಟಾಕಂಠದ ಗಾಯಕರ ಜೊತೆ ತನ್ನ ವಾದ್ಯ ಕೇಳಿಸಬೇಕೆಂದು ನಮ್ಮ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ನಿಂತಿದೆ. ಯೂರೋಪಿನವರು ಪಿಟೀಲಿನ ತಂತಿ ಹೆಚ್ಚಿಸಲಿಲ್ಲ. ಆ ಹೊರೆಯನ್ನು ಸಂಯೋಜಕರು ಹೊತ್ತರು, ಉಳಿದದ್ದನ್ನು ಪಿಯಾನೊ ವಾದಕರು. ಪಿಯಾನೊದ ಮುಚ್ಚಳ ಪೂರ್ತಿ ತೆರೆಯಬೇಕೋ ಚಿಕ್ಕ ಕೋಲು ಕೊಟ್ಟು ಸ್ವಲ್ಪ ಮಾತ್ರ ಎತ್ತಬೇಕೋ ಎಂಬ ಚರ್ಚೆ ಇವತ್ತಿಗೂ ತಾಲೀಮಿನಲ್ಲಿ ನಡೆಯುತ್ತದೆ. ಒಂದು ಸಂಜೆಯ ಪಟ್ಟಿಯಲ್ಲಿ ಮೊಜಾರ್ಟ್‌ನಿಂದ ಇಪ್ಪತ್ತನೇ ಶತಮಾನದ ಮೆಸಿಯಾನ್‌ವರೆಗೆ ಎಲ್ಲ ಇದ್ದರೆ ಒಂದು ಕೃತಿಗೆ ಸರಿಯಾದ ಎತ್ತರ ಇನ್ನೊಂದಕ್ಕೆ ಆಗುವುದಿಲ್ಲ. ಕೃತಿಕೃತಿಗೂ ಬಂದು ಮುಚ್ಚಳ ಏರಿಸಿ ಇಳಿಸುವುದು ಸಭೆಯ ಎದುರು ಚೆಂದ ಕಾಣುವುದೂ ಇಲ್ಲ. ಪೂರ್ತಿ ತೆರೆದಿಟ್ಟು ಬೆರಳಲ್ಲೇ ಸಂಭಾಳಿಸುವವರನ್ನು ಕಂಡರೆ ನನಗೆ ಗೌರವ ಹೆಚ್ಚು.

ಇನ್ನೊಂದು ಪೇಚು: ಪಿಟೀಲಿನವರು ತಮ್ಮ ವಾದ್ಯವನ್ನು ಹೆಗಲಿಗೇರಿಸಿಕೊಂಡು ಬರುತ್ತಾರೆ. ಪಿಯಾನೊದವರಿಗೆ ಊರೂರಿಗೂ ಬೇರೆ ವಾದ್ಯ. ಮೇಲಿನ ಸ್ಥಾಯಿ ಸೊರಗಿದ ಪಿಯಾನೊ ಸಿಕ್ಕರೆ ಡೆಬ್ಯುಸಿ ಬಣ್ಣಗೆಡುತ್ತಾನೆ. ಕೀಲಿ ಭಾರವಾಗಿದ್ದರೆ ವೇಗದ ಕೃತಿಗಳು ಎಡವುತ್ತವೆ. ಪಟ್ಟಿ ತಿಂಗಳ ಮೊದಲೇ ಅಚ್ಚಾಗಿರುವುದರಿಂದ ಆಗ ಮಾಡುವಂಥದ್ದು ಏನೂ ಇರುವುದಿಲ್ಲ.

ಇಲ್ಲಿಯೇ ನಮ್ಮ ಕಛೇರಿಗೂ ಅವರದಕ್ಕೂ ಇರುವ ದೊಡ್ಡ ವ್ಯತ್ಯಾಸ. ಅರಿಯಾಕುಡಿ ರಾಮಾನುಜ ಅಯ್ಯಂಗಾರರ ಹೆಸರಿನಲ್ಲಿ ನಿಂತಿರುವ ಪದ್ಧತಿ ನಮಗೆ ಅಂಗೈ ನೆಲ್ಲಿಕಾಯಿ: ವರ್ಣದಿಂದ ಶುರು, ಚುರುಕಾದ ಒಂದೆರಡು ಕೃತಿ, ನಡುವೆ ವಿಸ್ತಾರದ ರಾಗ, ಮುಖ್ಯ ಕೃತಿ, ತನಿ ಆವರ್ತನ, ಆಮೇಲೆ ದೇವರನಾಮ, ತಿಲ್ಲಾನ, ಮಂಗಳ. ಆದರೆ ಆ ಚೌಕಟ್ಟಿನ ಒಳಗೆ ವಿದ್ವಾಂಸರು ಸಭೆಯ ಮುಖ ನೋಡಿ ಸ್ಥಳದಲ್ಲೇ ಮನಸ್ಸು ಬದಲಿಸಬಹುದು. ಮುಂದಿನ ಸಾಲಿನಲ್ಲಿ ಯಾರೋ ಹಿರಿಯರು ಬಂದು ಕೂತರೆ ತೋಡಿ ಹಾಡಬೇಕೆನ್ನಿಸಬಹುದು. ಪಿಟೀಲು–ಪಿಯಾನೊದವರಿಗೆ ಆ ಸ್ವಾತಂತ್ರ್ಯವಿಲ್ಲ. ಮನೋಧರ್ಮಕ್ಕೆ ಇರುವ ಒಂದೇ ಸಮಯ ಕಛೇರಿಗಿಂತ ಆರು ತಿಂಗಳು ಮೊದಲು, ಪಟ್ಟಿ ಬರೆಯುವಾಗ.

ಹಾಗಾದರೆ ಒಂದು ಪಟ್ಟಿಯನ್ನು ನಾವೇ ಕಟ್ಟಿ ನೋಡೋಣ. ಬುಡದಿಂದ ಅಲ್ಲ, ತುದಿಯಿಂದ. ಅನುಭವಸ್ಥರು ಮೊದಲು ಗೊತ್ತುಮಾಡುವುದು ಕೊನೆಯ ಕೃತಿಯನ್ನೇ.

ಕೊನೆಗೆ ಸೆಸಾರ್ ಫ್ರಾಂಕ್‌ನ ಎ ಮೇಜರ್ ಸೊನಾಟಾ (‘ಎ’ ಸ್ವರವನ್ನು ಷಡ್ಜವಾಗಿ ಹಿಡಿದದ್ದು) ಇರಲಿ. 1886ರ ಕೃತಿ, ನಾಲ್ಕು ಭಾಗ, ಸುಮಾರು 28 ನಿಮಿಷ. ಮೊದಲ ಭಾಗದಲ್ಲಿ ಕೇಳಿದ ಒಂದು ಪುಟ್ಟ ಸಂಚಾರ ಬೇರೆ ಬೇರೆ ವೇಷದಲ್ಲಿ ಕೊನೆಯವರೆಗೂ ಬರುತ್ತದೆ. ಕೊನೆಯ ಭಾಗದಲ್ಲಂತೂ ಪಿಯಾನೊ ಹೇಳಿದ ರಾಗವನ್ನು ಪಿಟೀಲು ಒಂದು ಹೆಜ್ಜೆ ತಡವಾಗಿ ಅಕ್ಷರಶಃ ಹಿಂಬಾಲಿಸುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬುದೇ ಅಲ್ಲಿ ಆಟ. ಫ್ರಾಂಕ್‌ನ ಕೈ ಬಹಳ ಅಗಲವಾಗಿತ್ತು. ಬರೆದದ್ದೂ ಅಂಥ ಕೈಗೇ. ಎರಡನೇ ಭಾಗ ಶುರುವಾಗುವಾಗ ಪಿಯಾನೊದವರ ಮುಖ ನೋಡಿದರೆ ತಿಳಿಯುತ್ತದೆ.

ಈಗ ಇದರ ಮೊದಲು ಏನು? ಅನನುಭವಿಗಳ ಮೊದಲ ಆಸೆ: ಒಂದು ಕಡೆ ಕ್ರೂಟ್ಸರ್, ಇನ್ನೊಂದು ಕಡೆ ಫ್ರಾಂಕ್. ಎರಡೂ ಮಹಾಕೃತಿ, ಸಭೆ ತುಂಬುತ್ತದೆ. ನಿಮಿಷದ ಲೆಕ್ಕವೂ ಹತ್ತಿರ ಹತ್ತಿರ 65, ಸರಿಯಾಗಿ ಕೂರುತ್ತದೆ. ಹಾಗೆ ಮಾಡಿ ಗೆದ್ದವರೂ ಇದ್ದಾರೆ. ಆದರೆ ಒಬ್ಬಟ್ಟಿನ ಮೇಲೆ ಮೈಸೂರುಪಾಕು ಬಡಿಸಿದ ಹಾಗೆ ಅದು. ಎರಡೂ ಪೂರ್ತಿ ಸ್ವರದಲ್ಲಿ ಕೂಗುವ ಕೃತಿಗಳು, ಎರಡೂ ‘ಎ’ ಸ್ವರವನ್ನೇ ಆಧಾರವಾಗಿ ಹಿಡಿದವು. ವಿರಾಮದಲ್ಲಿ ಕಾಫಿ ಕುಡಿದು ಬಂದರೂ ಕಿವಿಗೆ ಅದೇ ಕೋಣೆಗೆ ವಾಪಸಾದ ಅನುಭವ.

ಎರಡನೇ ಆಸೆ ಓದಿಕೊಂಡವರದು. ಬ್ರಾಹ್ಮ್ಸ್ ತನ್ನ ಎರಡನೇ ಸೊನಾಟಾ ಬರೆದದ್ದೂ 1886ರಲ್ಲೇ, ಸ್ವಿಟ್ಜರ್ಲೆಂಡಿನ ಥೂನ್ ಸರೋವರದ ದಡದಲ್ಲಿ. ಅದೂ ಎ ಮೇಜರ್! ಒಂದೇ ವರ್ಷ, ಒಂದೇ ಆಧಾರ ಸ್ವರ, ಎರಡು ದೇಶ, ಎರಡು ಮನಸ್ಸು. ಟಿಪ್ಪಣಿ ಬರೆಯುವವರಿಗೆ ಹಬ್ಬ. ಆದರೆ ಸಭೆಯಲ್ಲಿ ಕೂತವರು ಇಸವಿಯನ್ನು ಕೇಳಿಸಿಕೊಳ್ಳುವುದಿಲ್ಲ, ಸ್ವರವನ್ನು ಕೇಳಿಸಿಕೊಳ್ಳುತ್ತಾರೆ. ಬ್ರಾಹ್ಮ್ಸ್‌ನ ಮೆದುಮಾತಿನ ಆ ಕೃತಿ ಫ್ರಾಂಕ್‌ನ ಪಕ್ಕದಲ್ಲಿ ಬಡವಾಗಿ ಕಾಣುವ ಅಪಾಯವಿದೆ. ಹಾಳೆಯ ಮೇಲೆ ಹೊಳೆಯುವ ಪಟ್ಟಿ ಸಭಾಂಗಣದಲ್ಲಿ ಮಂಕಾಗುವುದು ಹೀಗೆ.

ಆಧಾರ ಸ್ವರದ ಮಾತು ಬಂದದ್ದರಿಂದ ಒಂದು ವಿವರಣೆ. ನಮ್ಮ ಕಛೇರಿಯಲ್ಲಿ ಆಧಾರ ಷಡ್ಜ ಮೊದಲಿಂದ ಕೊನೆಯವರೆಗೂ ಒಂದೇ. ತಂಬೂರಿ ಅದನ್ನೇ ಮೀಟುತ್ತಿರುತ್ತದೆ, ಬದಲಾಗುವುದು ರಾಗ. ಒಂದೇ ಛಾಯೆಯ ಎರಡು ರಾಗ ಒಂದರ ಹಿಂದೆ ಒಂದು ಬರದಂತೆ ನೋಡಿಕೊಳ್ಳುವುದು ಜಾಣತನ. ಪಾಶ್ಚಾತ್ಯರಲ್ಲಿ ‘ರಾಗ’ ಮುಖ್ಯವಾಗಿ ಎರಡೇ ಅನ್ನಬಹುದು: ಮೇಜರ್, ಹೆಚ್ಚುಕಡಿಮೆ ನಮ್ಮ ಶಂಕರಾಭರಣದ ಸ್ವರಗಳು, ಮೈನರ್, ಒಮ್ಮೆ ನಟಭೈರವಿಯ, ಇನ್ನೊಮ್ಮೆ ಕೀರವಾಣಿಯ ಸ್ವರಗಳು. ಆದರೆ ಷಡ್ಜವೇ ಕೃತಿಯಿಂದ ಕೃತಿಗೆ ಜಾಗ ಬದಲಿಸುತ್ತದೆ. ಹಾಗಾಗಿ ಪಟ್ಟಿ ಕಟ್ಟುವವರು ನೋಡುವುದು ನೆಲದ ಬದಲಾವಣೆಯನ್ನು. ‘ಇ’ ಆಧಾರದ ಕೃತಿ ಮುಗಿದು ‘ಜಿ’ ಆಧಾರದ್ದು ಶುರುವಾದರೆ ಕಿಟಕಿ ತೆರೆದಂತಾಗುತ್ತದೆ. ಕೇಳುಗರಿಗೆ ಹೆಸರು ಗೊತ್ತಿರಬೇಕಿಲ್ಲ. ಗಾಳಿ ಬದಲಾದದ್ದು ಗೊತ್ತಾಗುತ್ತದೆ.

ಮತ್ತೆ ನಮ್ಮ ಪಟ್ಟಿಗೆ. ಫ್ರಾಂಕ್ ಕೊನೆಗಿದ್ದರೆ ಮೊದಲಿಗೆ ಬೇಕಾದದ್ದು ಅದರ ವಿರುದ್ಧ: ತೆಳು, ಸ್ಪಷ್ಟ, ಚಿಕ್ಕದು. 1778ರ ಆ ಆರರಲ್ಲಿ ಒಂದಾದ ಮೊಜಾರ್ಟ್‌ನ ಇ ಮೈನರ್ ಸೊನಾಟಾ, ಅವನ ಕೃತಿಗಳ ಪಟ್ಟಿಯಲ್ಲಿ ಕೆ. 304, ಇಲ್ಲಿಗೆ ಹೇಳಿ ಮಾಡಿಸಿದ್ದು. ಎರಡೇ ಭಾಗ, 12–13 ನಿಮಿಷ. ಇಡೀ ಬದುಕಿನಲ್ಲಿ ಅವನು ಇ ಮೈನರ್ ಅನ್ನು ಆಧಾರವಾಗಿ ಇಟ್ಟುಕೊಂಡು ಬರೆದ ಒಂದೇ ವಾದ್ಯಕೃತಿ ಇದು. ಆ ವರ್ಷದ ಜುಲೈ 3ರಂದು ಪ್ಯಾರಿಸ್‌ನಲ್ಲಿ ಅವನ ತಾಯಿ ತೀರಿಕೊಂಡಳು. ಟಿಪ್ಪಣಿಗಳಲ್ಲಿ ಆ ಸಾವನ್ನು ಈ ಕೃತಿಗೆ ಗಂಟು ಹಾಕುವುದು ರೂಢಿ. ಅದಕ್ಕೆ ಮೊಜಾರ್ಟ್‌ನ ಬಾಯಿಂದ ಬಂದ ಪುರಾವೆ ಇಲ್ಲ. ಆದರೂ ಎರಡನೇ ಭಾಗದ ನಡುವೆ ಒಂದು ಕ್ಷಣ ಇ ಮೇಜರ್‌ಗೆ ತಿರುಗಿ ಬೆಳಕಾಗುವ ಜಾಗ ಕೇಳಿದಾಗ ಪುರಾವೆ ಕೇಳಬೇಕೆನ್ನಿಸುವುದಿಲ್ಲ.

ಮೊದಲ ಕೃತಿ ಚಿಕ್ಕದಿರಬೇಕು ಎನ್ನಲು ರಸದ ಕಾರಣ ಒಂದಾದರೆ ಲೌಕಿಕ ಕಾರಣ ಇನ್ನೊಂದು. ತಡವಾಗಿ ಬಂದವರನ್ನು ಮೊದಲ ಕೃತಿ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ನಲವತ್ತು ನಿಮಿಷದ ಕೃತಿ ಇಟ್ಟರೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಶಾಪ ತಪ್ಪಿದ್ದಲ್ಲ. ನುಡಿಸುವವರಿಗೂ ಕೈ ಬಿಸಿಯಾಗಬೇಕು, ಸಭಾಂಗಣದ ಧ್ವನಿ ಅಂದಾಜಾಗಬೇಕು. ಖಾಲಿ ಕುರ್ಚಿಗಳ ಎದುರು ತಾಲೀಮು ಮಾಡುವಾಗ ಇದ್ದ ಗುಂಯ್‌ಗುಡುವಿಕೆ ಜನ ತುಂಬಿದ ಮೇಲೆ ಇರುವುದಿಲ್ಲ. ನಮ್ಮ ವರ್ಣ ಮಾಡುವ ಕೆಲಸವೂ ಇದೇ ತಾನೆ. ಮೊಜಾರ್ಟ್‌ನಲ್ಲಿ ಒಂದೇ ತೊಂದರೆ: ಸುಲಭವಾಗಿ ಕಾಣುತ್ತದೆ, ಒಂದು ಸ್ವರ ಅತ್ತಿತ್ತಾದರೂ ಬಚ್ಚಿಡಲು ಜಾಗವಿಲ್ಲ. ನಡುಗುವ ಕೈಯಲ್ಲಿ ಮೊದಲಿಗೇ ಇದನ್ನು ನುಡಿಸಲು ಎದೆ ಬೇಕು.

ಇನ್ನು ಮೊದಲಾರ್ಧದ ಎದೆಭಾಗ. ಸಭೆಗೆ ಪರಿಚಯ ಕಡಿಮೆ ಇರುವುದನ್ನು ಇಡಲು ಇದೇ ಪ್ರಶಸ್ತ ಜಾಗ. ಕಿವಿ ಎಚ್ಚೆತ್ತಿರುತ್ತದೆ, ಇನ್ನೂ ದಣಿದಿರುವುದಿಲ್ಲ. ಇಲ್ಲಿ ನಾನು ಇಡುವುದು ಲಿಲಿ ಬೂಲಾಂಜೆಯ ‘ವಸಂತದ ಒಂದು ಮುಂಜಾವು’, ಐದು ನಿಮಿಷದ್ದು, ಅದರ ಬೆನ್ನಿಗೇ ಡೆಬ್ಯುಸಿಯ ಸೊನಾಟಾ, 14 ನಿಮಿಷ. ಲಿಲಿ 1913ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಸಂಗೀತ ರಚನೆಗೆ ಫ್ರಾನ್ಸಿನ ದೊಡ್ಡ ಬಹುಮಾನ ಪ್ರಿ ದ ರೋಮ್ ಗೆದ್ದ ಮೊದಲ ಹೆಣ್ಣು. ಚಿಕ್ಕಂದಿನಿಂದ ಕಾಯಿಲೆ. ಈ ಮುಂಜಾವಿನ ಕೃತಿ ಬರೆದದ್ದು 1917–18ರಲ್ಲಿ, ಬದುಕು ಮುಗಿಯುತ್ತಿರುವಾಗ. ಕೇಳಿದರೆ ಯಾರೂ ಹಾಗೆನ್ನಲಾರರು, ಅಷ್ಟು ನೆಗೆತ ಅದರಲ್ಲಿ. ಡೆಬ್ಯುಸಿಯ ಸೊನಾಟಾ 1917ರದ್ದು, ಅವನು ಪೂರ್ತಿ ಮಾಡಿದ ಕೊನೆಯ ಕೃತಿ. ಆರು ಸೊನಾಟಾ ಬರೆಯುವ ಯೋಜನೆಯಿತ್ತು, ಮೂರಕ್ಕೇ ನಿಂತಿತು. 1917ರ ಮೇ 5ರಂದು ಗಾಸ್ತೋಂ ಪೂಲೆಯ ಪಿಟೀಲಿಗೆ ತಾನೇ ಪಿಯಾನೊ ನುಡಿಸಿ ಅದನ್ನು ಪ್ಯಾರಿಸ್ಸಿಗೆ ಕೇಳಿಸಿದ. ಲಿಲಿ 1918ರ ಮಾರ್ಚ್ 15ರಂದು ತೀರಿಕೊಂಡಳು, ಇಪ್ಪತ್ತನಾಲ್ಕು ವರ್ಷ. ಹತ್ತು ದಿನದ ನಂತರ, ಮಾರ್ಚ್ 25ರಂದು, ಡೆಬ್ಯುಸಿ.

ಇದೂ ಓದಿಕೊಂಡವರ ಚಮತ್ಕಾರವಲ್ಲವೇ ಎಂದು ನೀವು ಹಿಡಿಯಬಹುದು. ಅಲ್ಲ, ಏಕೆಂದರೆ ಇಲ್ಲಿ ಇಸವಿ ಮರೆತರೂ ಕಿವಿಗೆ ಕಾರಣ ಉಳಿಯುತ್ತದೆ. ಮೊಜಾರ್ಟ್‌ನಲ್ಲಿ ಹೆಚ್ಚಿನ ಹೊತ್ತು ಒಬ್ಬರು ಮಾತಾಡಿದರೆ ಇನ್ನೊಬ್ಬರು ಹೂಂಗುಡುತ್ತಾರೆ. ಬೂಲಾಂಜೆಯಲ್ಲಿ ಪಿಯಾನೊ ನೆಲ, ಪಿಟೀಲು ಅದರ ಮೇಲೆ ಓಡುವ ಮಗು. ಡೆಬ್ಯುಸಿಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಬೇರೆ ಬೇರೆ ಯೋಚನೆಯಲ್ಲಿರುವ ಇಬ್ಬರ ಹಾಗೆ. ಪಿಟೀಲು ಏನನ್ನೋ ಹೇಳಲು ಹೋಗಿ ನಿಲ್ಲಿಸುತ್ತದೆ, ಪಿಯಾನೊ ಇನ್ನೇನನ್ನೋ ನೆನೆಯುತ್ತದೆ. ಮೂರು ಕೃತಿ, ಮೂರು ಬಗೆಯ ಸಂಬಂಧ. ಆಗ 32 ನಿಮಿಷ ಹೋದದ್ದೇ ತಿಳಿಯುವುದಿಲ್ಲ. ಡೆಬ್ಯುಸಿಯ ಕೊನೆಯ ಭಾಗ ಮಿಂಚಿನಂತೆ ಮುಗಿಯುವುದರಿಂದ ಚಪ್ಪಾಳೆ ಹೊಡೆದು ಎದ್ದು ಹೋಗಲು ಸರಿಯಾದ ಗಳಿಗೆಯೂ ಹೌದು. ಮೊದಲಾರ್ಧ ಪಿಸುಮಾತಿನಲ್ಲಿ ಮುಗಿದರೆ ಜನಕ್ಕೆ ಏಳಬೇಕೋ ಕೂರಬೇಕೋ ಎಂಬ ಗೊಂದಲವಾಗುತ್ತದೆ. ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ. ಕ್ಯಾಂಟೀನಿನ ಮುಂದೆ ಸದ್ದಿಲ್ಲದೆ ನಿಂತ ಸಾಲು ಕಂಡಾಗ ಅದಕ್ಕೂ ಒಂದು ಬೆಲೆಯಿದೆ ಅನ್ನಿಸುತ್ತದೆ.

ಎರಡನೇ ಅರ್ಧದಲ್ಲಿ ಫ್ರಾಂಕ್ ಒಂದನ್ನೇ ಇಡಬಹುದಿತ್ತು. ಆದರೆ ವಿರಾಮ ಮುಗಿಸಿ ಬಂದವರ ಬಾಯಲ್ಲಿ ಇನ್ನೂ ಮಾತಿರುತ್ತದೆ, ಕೈಯಲ್ಲಿ ಮೊಬೈಲಿರುತ್ತದೆ. ಫ್ರಾಂಕ್‌ನ ಕೃತಿಯೋ ಮೆಲ್ಲಗೆ, ಯಾರೋ ಬಾಗಿಲು ಸರಿಸಿ ಇಣುಕಿದ ಹಾಗೆ ಶುರುವಾಗುತ್ತದೆ. ಆ ಮೆಲುದನಿ ಹಾಳಾಗಬಾರದೆಂದರೆ ಅದರ ಮುಂದೆ ಸಭೆಯನ್ನು ಒಂದುಗೂಡಿಸುವ ಇನ್ನೊಂದು ಬೇಕು. ನನ್ನ ಆಯ್ಕೆ ಮೆಸಿಯಾನ್‌ನ ‘ವಸ್ತು ಮತ್ತು ವಿಸ್ತಾರಗಳು’, 1932ರದ್ದು. ಒಂದು ಪಲ್ಲವಿಯಂಥ ವಸ್ತು, ಅದರ ಐದು ವಿಸ್ತಾರ, ಸುಮಾರು ಹತ್ತು ನಿಮಿಷ. ನಿರವಲ್ ಕೇಳಿ ಪಳಗಿದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಕಾವೇರುತ್ತ ಹೋಗಿ, ಕೊನೆಯ ವಿಸ್ತಾರದಲ್ಲಿ ವಸ್ತು ತಾರಸ್ಥಾಯಿಯಲ್ಲಿ ಬಹು ನಿಧಾನವಾಗಿ ಮತ್ತೆ ಬರುತ್ತದೆ.

ಇವೆರಡಕ್ಕೂ ಇರುವ ನಂಟು ನನಗೆ ಆಮೇಲೆ ಹೊಳೆದದ್ದು. ಮೆಸಿಯಾನ್ ಅದನ್ನು ಬರೆದದ್ದು ಹೆಂಡತಿ, ಪಿಟೀಲು ವಾದಕಿ ಕ್ಲೇರ್ ದೆಲ್ಬೋಸ್‌ಗೆ ಮದುವೆಯ ಉಡುಗೊರೆಯಾಗಿ. ಫ್ರಾಂಕ್ ತನ್ನ ಸೊನಾಟಾ ಕೊಟ್ಟದ್ದೂ ಮದುವೆಗೆ: ಇಪ್ಪತ್ತೆಂಟರ ಹರೆಯದ ಪಿಟೀಲುಗಾರ ಯೂಜೀನ್ ಇಸಾಯೆಯ ಮದುವೆಗೆ. ಮದುಮಗ ಆ ದಿನವೇ ಬಂಧುಗಳೆದುರು ಅದನ್ನು ನುಡಿಸಿಬಿಟ್ಟ, ಪಿಯಾನೊಕ್ಕೆ ಲಿಯೊಂತಿನ್ ಬೋರ್ದ್-ಪೆನ್. ಅದೇ ಜೋಡಿ 1886ರ ಡಿಸೆಂಬರ್ 16ರಂದು ಬ್ರಸೆಲ್ಸ್‌ನ ಚಿತ್ರಶಾಲೆಯೊಂದರಲ್ಲಿ ಸಾರ್ವಜನಿಕವಾಗಿ ನುಡಿಸಿದರು. ಚಳಿಗಾಲದ ಸಂಜೆ, ಬೇಗ ಕತ್ತಲಾಯಿತು. ಚಿತ್ರಗಳಿಗೆ ಅಪಾಯವೆಂದು ದೀಪ ಹಚ್ಚುವಂತಿರಲಿಲ್ಲ. ಮೊದಲ ಭಾಗ ಮುಗಿಯುವ ಹೊತ್ತಿಗೆ ಸ್ವರಲಿಪಿಯೇ ಕಾಣದಾಯಿತು. ಉಳಿದದ್ದನ್ನು ಇಬ್ಬರೂ ಕತ್ತಲಲ್ಲಿ, ಬಾಯಿಪಾಠದಲ್ಲೇ ನುಡಿಸಿ ಮುಗಿಸಿದರು ಎಂದು ಫ್ರಾಂಕ್‌ನ ಶಿಷ್ಯ ವೆನ್ಸಾಂ ದ್ಯಾಂಡಿ ಬರೆದಿಟ್ಟಿದ್ದಾನೆ.

ಅಲ್ಲಿಗೆ ಮೊದಲಾರ್ಧ 32, ಎರಡನೆಯದು 38, ಒಟ್ಟು 70 ನಿಮಿಷದ ಸಂಗೀತ. ಶ್ರುತಿ ಸರಿಮಾಡಿಕೊಳ್ಳುವುದು, ಬಂದು ನಮಸ್ಕರಿಸಿ ಹೋಗುವುದು, ಚಪ್ಪಾಳೆ, ಇಪ್ಪತ್ತು ನಿಮಿಷದ ವಿರಾಮ ಎಲ್ಲ ಸೇರಿ ಎರಡು ಗಂಟೆಯೊಳಗೆ. ಸಂಗೀತವೇ 80 ನಿಮಿಷ ದಾಟಿದರೆ ಕೊನೆಯ ಕೃತಿಯ ಹೊತ್ತಿಗೆ ಜನ ಗಡಿಯಾರ ನೋಡುತ್ತಾರೆ. 60ಕ್ಕಿಂತ ಕಡಿಮೆಯಾದರೆ ಟಿಕೆಟ್ಟಿನ ದುಡ್ಡು ನೆನಪಾಗುತ್ತದೆ. ಲೆಕ್ಕ ತಪ್ಪಲು ಒಂದು ಗುಪ್ತ ದಾರಿಯಿದೆ: ಹಳೆಯ ಸೊನಾಟಾಗಳಲ್ಲಿ ಒಂದು ಖಂಡವನ್ನು ಎರಡು ಸಲ ನುಡಿಸಿರೆಂಬ ಗುರುತು ಇರುತ್ತದೆ. ಅದನ್ನು ಪಾಲಿಸಿದರೆ ನಾಲ್ಕಾರು ನಿಮಿಷ ಸದ್ದಿಲ್ಲದೆ ಬೆಳೆಯುತ್ತದೆ.

ಒಬ್ಬನೇ ಸಂಯೋಜಕನಿಗೆ ಇಡೀ ಸಂಜೆ ಕೊಡುವುದೂ ಉಂಟು. ಬ್ರಾಹ್ಮ್ಸ್‌ನ ಮೂರೂ ಸೊನಾಟಾ ಸೇರಿದರೆ ಸರಿಯಾಗಿ 70 ನಿಮಿಷದ ಆಸುಪಾಸು, ಅವನೇ ಅಳೆದು ಬರೆದಿಟ್ಟ ಹಾಗೆ. ಬೀಥೋವನ್‌ನ ಹತ್ತಕ್ಕೆ ಮೂರು ಸಂಜೆ ಬೇಕು. ಇವುಗಳಲ್ಲಿ ಆಯ್ಕೆಯ ತಲೆನೋವಿಲ್ಲ, ಅನುಕ್ರಮದ್ದು ಮಾತ್ರ.

ಮೈಸೂರಿನ ಕಡೆಯವರಿಗೆ ಇನ್ನೊಂದು ಹೆಸರು ಮನಸ್ಸಿಗೆ ಬರಬೇಕು: ನಿಕೊಲಾಯ್ ಮೆಟ್ನರ್. ಲಂಡನ್ನಿನಲ್ಲಿ ನೆಲೆಸಿ ಲೋಕ ಮರೆಯುತ್ತಿದ್ದ ಈ ರಷ್ಯನ್ ಸಂಯೋಜಕನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಅವನು ಪಿಟೀಲು–ಪಿಯಾನೊಕ್ಕೆ ಮೂರು ಸೊನಾಟಾ ಬರೆದಿದ್ದಾನೆ. ಮೂರನೆಯದರ ಹೆಸರು ‘ಎಪಿಕಾ’, ಹೆಸರಿಗೆ ತಕ್ಕಂತೆ ಮುಕ್ಕಾಲು ಗಂಟೆಯ ಹತ್ತಿರ. ಅದನ್ನು ಸೇರಿಸಿದರೆ ಅರ್ಧ ಸಂಜೆ ಅದಕ್ಕೇ ಮೀಸಲು. ಎದುರಿಗೆ ಇಡುವುದಕ್ಕೆ ಚಿಕ್ಕ ಚಿಕ್ಕವೇ ಬೇಕು. ಮೆಟ್ನರ್ ಸ್ವತಃ ಪಿಯಾನೊದವನು, ಆ ಭಾಗ ಕಾಡಿನಷ್ಟು ದಟ್ಟ. ಸಂಘಟಕರು ಹಿಂಜರಿಯುವುದು ಸಹಜ. ಅಂಥವರಿಗೆ ನನ್ನ ಸಲಹೆ, ಮೊದಲ ಸೊನಾಟಾದಿಂದ ಶುರುಮಾಡಿ. ಅದು ಇದರ ಅರ್ಧದಷ್ಟೂ ಇಲ್ಲ. ಮೈಸೂರಿನ ಋಣ ಸಂದಾಯವೂ ಆದೀತು.

ಕೊನೆಗೆ ಉಳಿದದ್ದು ಹಾಳೆಯಲ್ಲಿ ಅಚ್ಚಾಗದೆ ಇರುವ ಕೃತಿ. ಚಪ್ಪಾಳೆ ನಿಲ್ಲದಿದ್ದಾಗ ವಾಪಸು ಬಂದು ನುಡಿಸುವ ಎನ್ಕೋರ್. ನಾಟಕ ಕಂಪನಿಗಳಲ್ಲಿ ಜನ ‘ಒನ್ಸ್‌ಮೋರ್’ ಕೂಗಿದರೆ ಅದೇ ಹಾಡು ಮತ್ತೊಮ್ಮೆ ಹಾಡಬೇಕಿತ್ತು. ಇಲ್ಲಿ ಬೇರೆಯದೇ ಒಂದು ಪುಟ್ಟದ್ದು, ಮೂರು ನಾಲ್ಕು ನಿಮಿಷದ್ದು. ಈ ಪುಟ್ಟವುಗಳ ರಾಜ ಫ್ರಿಟ್ಸ್ ಕ್ರೈಸ್ಲರ್. ತಾನೇ ರಚಿಸಿ, ಪುನ್ಯಾನಿಯದು, ಕೂಪ್ರಾನದು ಎಂದು ಹಳಬರ ಹೆಸರು ಹಾಕಿ ವರ್ಷಗಟ್ಟಲೆ ನುಡಿಸಿದ. 1935ರಲ್ಲಿ ಒಪ್ಪಿಕೊಂಡಾಗ ವಿಮರ್ಶಕರು ಕೆಂಡವಾದರು. ಅವನು ಕೊಟ್ಟ ಕಾರಣ ಮಾತ್ರ ಪಟ್ಟಿ ಕಟ್ಟುವವನದ್ದೇ: ಹಾಳೆಯಲ್ಲಿ ಸಾಲುಸಾಲಿಗೂ ತನ್ನ ಹೆಸರೇ ಇದ್ದರೆ ಚೆನ್ನಾಗಿರುವುದಿಲ್ಲ ಎಂದು.

ನಮ್ಮ ಪಟ್ಟಿಗೆ ಎನ್ಕೋರ್ ಯಾವುದು? ಫ್ರಾಂಕ್‌ನ ಅಬ್ಬರದ ಮೇಲೆ ಇನ್ನೊಂದು ಅಬ್ಬರ ಬೇಡ. ನಾನಾದರೆ ಎಲ್ಗರ್‌ನ ‘ಸಾಲ್ಯು ದಾಮೂರ್’ ನುಡಿಸಿ ಎನ್ನುತ್ತೇನೆ. 1888ರಲ್ಲಿ ಅವನು ಅದನ್ನು ಬರೆದು ಕೊಟ್ಟದ್ದು ಮದುವೆ ಗೊತ್ತಾದ ಆಲಿಸ್‌ಗೆ, ನಿಶ್ಚಿತಾರ್ಥದ ಕಾಣಿಕೆಯಾಗಿ. ಆಮೇಲೆ ಪ್ರಕಾಶಕರಿಗೆ ಇಡಿಗಂಟಿಗೆ ಮಾರಿ, ಅದು ಊರೂರು ಸುತ್ತಿ ದುಡ್ಡು ಮಾಡುವುದನ್ನು ನೋಡುತ್ತ ಕೂತ. ಎರಡು ಮದುವೆ ಮುಗಿದ ಮೇಲೆ ನಿಶ್ಚಿತಾರ್ಥವೇ ಎಂದು ಮುಂದಿನ ಸಾಲಿನಲ್ಲಿ ಯಾರಾದರೂ ಅಜ್ಜಿ ಕೇಳಿದರೆ, ಪಿಯಾನೊದವರೇ ಉತ್ತರ ಹೇಳಲಿ.